ಬಾಲ್ಕನಿಯ ಎರಡು ಹೊಲ

ಡೊಂಬಿವಲಿ, ಮೇ ೨೦೧೩

ತಮ್ಮ ನೀಲಪ್ಪನಿಗೆ,

ಹನ್ನೊಂದು ವರ್ಷ ಮಾತು ಬಿಟ್ಟವನು ಈಗ ಎರಡು ಚೀಲ ಮಣ್ಣು ಕಳಿಸಿದ್ದೀ. ಮೇಲೆ ‘ನಿನ್ನದು’, ‘ನನ್ನದು’ ಅಂತಷ್ಟೇ ಬರೆದಿದ್ದೀ. ಮುಟ್ಟಿತು.

ಎರಡನ್ನೂ ಬಾಲ್ಕನಿಯ ಕುಂಡಗಳಿಗೆ ಹಾಕಿ ಒಂದೇ ಅಳತೆಯ ನೀರು ಹನಿಸಿದೆ. ವರ್ಷಾ ವರ್ಷಾ ಟ್ರ್ಯಾಕ್ಟರ್ ಹೊಡೆಸಿ, ಜೋಳದ ದಂಟು-ಕಣಿಕೆಯನ್ನೂ ಬಿಡದೆ ಮಾರಿದ ನನ್ನ ಹೊಲದ ಮಣ್ಣು ಹೆಂಚಿನಂತೆ ಬಿರಿಯಿತು. ಹುಲ್ಲಿಗೆ ಬಿಟ್ಟು, ಗೊಬ್ಬರಕ್ಕೆಂದು ಕುರಿಹಿಂಡು ಮಲಗಿಸಿದ ನಿನ್ನದು ನೀರು ಹಿಡಿದು ಕಪ್ಪಗೆ ಕೂತಿದೆ. ಯಾರೂ ಬಿತ್ತದ ಹುಲ್ಲು ಎದ್ದಿದೆ.

ನಿನ್ನೆ ಮಧ್ಯಾಹ್ನ ಅದರ ಪಕ್ಕದಲ್ಲೇ ಕಣ್ಣು ಹತ್ತಿತು. ಕಲ್ಯಾಣದ ಲೋಕಲ್ ರೈಲಿನ ಸದ್ದು ಕುರಿಗಂಟೆಯಾಯಿತು. ಮೊಳಕಾಲುದ್ದ ಹುಲ್ಲಿನಲ್ಲಿ ನಾವಿಬ್ಬರೂ ಮಲಗಿದ್ದೆವು. ನೆಲ ಕಂಬಳಿಯಷ್ಟು ಮೆತ್ತಗಿತ್ತು, ನಡುವೆ ಬದು ಇರಲಿಲ್ಲ. “ಏಳ್ರಿ, ಚಹಾ ಆರಾಕತ್ತೈತಿ!” ಎಂದು ನಿನ್ನ ವೈನಿ ಕೂಗಿದಾಗ ಅವಳ ಮೇಲೆ ಸಿಟ್ಟು ಬಂತು.

ಹೊಲ ಬೀಳು ಬಿಟ್ಟೆಯೆಂದು ಪಂಚರೆದುರು ನಿನ್ನನ್ನು ಮೈಗಳ್ಳ ಎಂದಿದ್ದೆ. ಅದನ್ನೀಗ ಕೆದಕಬೇಡ.

ಟ್ರ್ಯಾಕ್ಟರಿನವನಿಗೆ ಬರಬೇಡ ಎಂದು ಫೋನು ಮಾಡಿದ್ದೇನೆ. ಈ ಸಲ ಕುರಿಗಾರರು ಬಂದರೆ ಮೊದಲು ನನ್ನ ಹೊಲದಲ್ಲಿ ಹಿಂಡು ಮಲಗಿಸು. ಈ ಹೊಲವೂ ಯಾಕೆ ಬೀಳು ಎಂದು ಊರವರು ಕೇಳಿದರೆ, ನಮ್ಮಣ್ಣನೂ ಮೈಗಳ್ಳನಾದ ಎಂದು ಹೇಳು.

ನಿನ್ನ ಅಣ್ಣ,
ಶಿವಪುತ್ರಪ್ಪ