ತಡೆಹಿಡಿದ ವಿಳಾಸ

೧೪ ಜುಲೈ ೨೦೨೪, ಭಾನುವಾರ. ನನ್ನ ತಪ್ಪನ್ನು ನನ್ನ ಕೈಯಿಂದಲೇ ದಾಖಲಿಸುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಅರ್ಜಿಗಳ ಬಗ್ಗೆ ಕೇಳಿದವರಿಗೆ ಉತ್ತರಿಸಲು ನಾನು ನೋಡಿಕೊಳ್ಳುವ ನಮ್ಮ ನಂಜನಗೂಡು ವಿದ್ಯಾರ್ಥಿಗಳ ಇಮೇಲ್ ಬಳಗಕ್ಕೆ ಚಿಕ್ಕಯ್ಯನಛತ್ರದ ಸೈಬರ್ ಅಂಗಡಿಯ ವಿಳಾಸದಿಂದ ದಿನವೂ ಜಾಹೀರಾತುಗಳು ಬರುತ್ತಿದ್ದವು. ಕಳೆದ ತಿಂಗಳು ಆ ವಿಳಾಸವನ್ನೇ ತಡೆಹಿಡಿದು, ಅಲ್ಲಿಂದ ಬರುವುದೆಲ್ಲ ನೇರವಾಗಿ ಸ್ಪ್ಯಾಮ್‌ಗೆ ಬೀಳುವಂತೆ ಮಾಡಿದೆ. ಸ್ವಂತ ಇಮೇಲ್ ಇಲ್ಲದ ಹುಡುಗಿಯರು ಅದೇ ಅಂಗಡಿಯಲ್ಲಿ, ಅದೇ ವಿಳಾಸದಿಂದ ಬರೆಸುತ್ತಾರೆಂಬುದು ತರಗತಿಗೇ ಮೊದಲಿಗಳಾದ ನನಗೆ ಹೊಳೆಯಲಿಲ್ಲ.

ಇಂದು ಸ್ಪ್ಯಾಮ್ ರಾಶಿಯನ್ನು ಅಳಿಸಲು ಹೋದಾಗ ಹೆಡತಲೆಯ ರೋಜಾ ಬರೆಸಿದ ಮೂರು ಪತ್ರಗಳು ಸಿಕ್ಕವು. ಹಾಸ್ಟೆಲ್ ಅರ್ಜಿಗೆ ಹಳೆಯ ಆದಾಯ ಪ್ರಮಾಣಪತ್ರ ಸಾಕೇ ಎಂಬ ಒಂದೇ ಪ್ರಶ್ನೆ. ಪತ್ರದಲ್ಲಿದ್ದ ನಂಬರಿಗೆ ಕೂಡಲೇ ಫೋನ್ ಮಾಡಿದೆ.

“ಡೇಟು ಶುಕ್ರವಾರಕ್ಕೇ ಮುಗ್ದೋಯ್ತು ಕಣಕ್ಕಾ. ನಿಮ್ ಉತ್ರಕ್ಕೇ ಕಾಯ್ತಾ ಕೂತಿದ್ದೆ.”

ಹಿಂದಿನಿಂದ ಅವಳ ತಾಯಿ ಪಾಪಮ್ಮನ ದನಿ: “ಓಗ್ಲಿ ಬುಡು, ಆ ಮಗೀಗೆ ಎಷ್ಟ್ ಕೆಲ್ಸವೋ. ಏನೂ ಅನ್ಬ್ಯಾಡ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ‘ಸಾಕು’ ಎಂಬ ಒಂದು ಪದ ಬರೆದಿದ್ದರೆ ಆ ಹುಡುಗಿ ಅರ್ಜಿ ಹಾಕುತ್ತಿದ್ದಳು. ಆ ಪದವನ್ನು ಈಗ ಯಾರಿಗೆ ಕಳುಹಿಸಲಿ?

ಬಳಗವನ್ನು ಕಟ್ಟಿದ ಪ್ರೇಮ್‌ಕುಮಾರ್ ಸರ್ ಸಂಜೆ ಬರೆದಿದ್ದಾರೆ: “ಒಂದೂ ಸ್ಪ್ಯಾಮ್ ಇಲ್ಲವಲ್ಲಮ್ಮ, ಭೇಷ್! ತಿ. ನರಸೀಪುರದ ಬಳಗವನ್ನೂ ನೀನೇ ನೋಡ್ಕೊ.”

ನಾನು ನೋಡಿಕೊಳ್ಳುವುದಿಲ್ಲ.