ಖಾಲಿ ಚಾಟ್ ರೂಮಿನ ಕಾವಲು

ವನಜಾಕ್ಷಿಗೆ, ದೊಡ್ಡಬಳ್ಳಾಪುರದಿಂದ ಅಕ್ಕ.

ಇದನ್ನು ಅಂಚೆಗೆ ಹಾಕುವುದಿಲ್ಲ. ಮೊದಲು ಬರೆಯಬೇಕಾದವಳು ನೀನು.

ಇಂದು ಸೈಬರ್ ಸೆಂಟರಿಗೆ ಹೋಗಿದ್ದೆ. ನಮ್ಮ ಕುಟುಂಬದ ಚಾಟ್ ರೂಮಿಗೆ ಈಗ ಯಾರೂ ಬರುತ್ತಿಲ್ಲ. ನೀನು ಮಸ್ಕತ್ತಿನಲ್ಲಿ ಕೂತು, ನೆಂಟರೆಲ್ಲ ಓದುವಂತೆ, ಅಕ್ಕ ತಲೆಗೆ ಬಣ್ಣ ಹಚ್ಚುತ್ತಾಳೆ ಎಂದು ಬರೆದೆ. ನಿಜವೋ ಸುಳ್ಳೋ ಬೇರೆ ಮಾತು. ಮತ್ತೆ ಬರದಂತೆ ನಿನ್ನನ್ನು ಹೊರಗೆ ಹಾಕಿಸಿದೆ. ಆಮೇಲೆ ಉಳಿದವರಿಗೆ ಮಾತಾಡಲು ವಿಷಯವೇ ಸಿಗಲಿಲ್ಲ.

“ರೂಮು ಖಾಲಿಯಾದ್ರೆ ಪಾಸ್‌ವರ್ಡು, ರೂಲ್ಸು ಎಲ್ಲಾ ಹೊಂಟೋಯ್ತವಮ್ಮಾ. ಯಾರ್ ಬೇಕಾದ್ರೂ ನುಗ್ಬೋದು,” ಎಂದ ಸೆಂಟರಿನ ಕಾಂತರಾಜು.

“ಮನೇಲಿ ಯಾರೂ ಇಲ್ಲ ಅಂದ್ರೆ ಬೀಗ ತಾನಾಗೇ ಬಿದ್ದೋಗುತ್ತೇನಪ್ಪಾ?” ಎಂದೆ.

ಯಾರಿಲ್ಲದಿದ್ದರೂ ಒಳಗೆ ಕೂತು ಎಲ್ಲವನ್ನೂ ಕಾಯುವ ಒಂದು ಪ್ರೋಗ್ರಾಂ ಹಾಕಿಕೊಟ್ಟ. ಅದು ಮಾತಾಡುವುದಿಲ್ಲ, ಕಾಫಿ ಕೇಳುವುದಿಲ್ಲ. ನಿನ್ನ ಭಾವನಿಗಿಂತ ವಾಸಿ.

“ವನಜಾಕ್ಷಿ ಅನ್ನೋರು ಬರಂಗಿಲ್ಲ ಅಂತೈತೆ. ಅದನ್ನೂ ಉಳಿಸ್ಲಾ?”

ಸೆಂಟರಿನಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. “ಉಳಿಸಪ್ಪ. ರೂಲ್ಸು ಅಂದ್ರೆ ರೂಲ್ಸು,” ಎಂದೆ.

ಚಪ್ಪಲಿ ಮೆಟ್ಟಿಕೊಂಡವಳು ಮತ್ತೆ ಬಿಚ್ಚಿ ಒಳಗೆ ಹೋದೆ. “ಅದೊಂದು ಅಳಿಸ್ಬಿಡು. ಸುಮ್ನೆ ಜಾಗ ತಿನ್ನುತ್ತೆ.”

“ಅವ್ರಿಗೆ ತಿಳಿಸೋರು ಯಾರಮ್ಮಾ?”

“ಬಂದು ಬಾಗಿಲು ತಳ್ಳಿ ನೋಡ್ಲಿ,” ಎಂದೆ.