ನಾವು ಕೇಳಿದ ಬುದ್ಧ ಬೇರೆ

ಗ್ರಾಹಕರ ಸಂತೋಷ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನಿಮ್ಮ ಇಂಟರ್‌ನೆಟ್ ಅಂಗಡಿಯಲ್ಲಿ ನಾವು ಕೇಳಿದ್ದು ಧ್ಯಾನಕ್ಕೆ ಕೂತ ಗೌತಮ ಬುದ್ಧರನ್ನು. ನೀವು ಕಳಿಸಿದ್ದು ಹೆಗಲ ಮೇಲೆ ಗಂಟು ಹೊತ್ತು, ಹೊಟ್ಟೆ ಬಿಟ್ಟುಕೊಂಡು ಹಲ್ಲು ಕಿರಿಯುವ ಲಾಫಿಂಗ್ ಬುದ್ಧನನ್ನು. ವಾಪಸು ತೆಗೆದುಕೊಳ್ಳಿ ಎಂದು ಐದು ವಾರದಿಂದ ಬೇಡುತ್ತಿದ್ದೇನೆ. ಇದರಿಂದ ನಿಮ್ಮ ವಿಭಾಗದ ಸಂತೋಷಕ್ಕೆ ಏನೂ ಭಂಗ ಬಂದಂತಿಲ್ಲ. ಆದ್ದರಿಂದ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನಾನು ಕೆ.ಆರ್. ಪುರದವನು, ದೂರವಾಣಿನಗರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದು ನಿವೃತ್ತನಾದವನು. ನಾನೂ ನನ್ನ ಹೆಂಡತಿ ಗೋವಿಂದಮ್ಮನೂ ತೊಂಬತ್ತೊಂದರಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡೆವು. ಅಂದಿನಿಂದ ನಮ್ಮ ಮನೆಯ ಬುದ್ಧರೆಂದರೆ ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ ಒಂದು ಚಿತ್ರ. ಗೋವಿಂದಮ್ಮ ಹುಡುಗಿಯಾಗಿದ್ದಾಗ ಊರ ಗುಡಿಯ ಹೊರಗೇ ನಿಂತು ಕೈಮುಗಿದವಳು. ತನ್ನ ಕೈಯಾರೆ ಮುಟ್ಟಿ, ಒರೆಸಿ, ಹೂವಿಡುವ ಒಂದು ವಿಗ್ರಹ ಬೇಕೆಂಬುದು ಅವಳ ಹದಿನಾರು ವರ್ಷದ ಆಸೆ. ಈ ಸಲದ ಬುದ್ಧ ಪೂರ್ಣಿಮೆಗೆಂದು, ಮಾರತ್ತಹಳ್ಳಿಯಲ್ಲಿ ಕೆಲಸ ಮಾಡುವ ಮಗಳು ನಂದಿತಾ ನಿಮ್ಮಲ್ಲಿ ಆರ್ಡರ್ ಮಾಡಿದಳು. ಶಿವಾಜಿನಗರದ ಬಡಗಿ ಹಬೀಬ್ ಸಾಹೇಬರು ತೇಗದ ಪೀಠ ಮಾಡಿಕೊಟ್ಟರು.

ಪೂರ್ಣಿಮೆಗೆ ಹತ್ತು ದಿನ ಮೊದಲು ಡಬ್ಬ ಬಂತು. ಗೋವಿಂದಮ್ಮ ಸ್ನಾನ ಮಾಡಿ, ಹೊಸ ಸೀರೆಯುಟ್ಟು, ಅಕ್ಕಪಕ್ಕದವರನ್ನೆಲ್ಲ ಕರೆದು ಡಬ್ಬ ಬಿಚ್ಚಿದಳು. ಎದುರು ಮನೆಯ ಅಂಜಿನಮ್ಮ ಬಗ್ಗಿ ನೋಡಿ, “ಯಾರೋ ಕಂಟ್ರಾಕ್ಟ್ರು ಇದ್ದಂಗವ್ರೆ. ಬಿಲ್ಲು ಪಾಸಾಗಿರ್ಬೇಕು” ಎಂದರು. ಎಲ್ಲರೂ ನಕ್ಕರು, ಗೋವಿಂದಮ್ಮನೊಬ್ಬಳನ್ನು ಬಿಟ್ಟು.

ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಅರ್ಧ ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬ ಯುವಕ ಸಿಕ್ಕಿದ. ವಸ್ತು ಒಡೆದಿದೆಯೇ ಎಂದ, ಇಲ್ಲ ಎಂದೆ. ಆರ್ಡರ್ ಮಾಡಿದ್ದು ಬುದ್ಧನನ್ನೇ ಅಲ್ಲವೇ ಎಂದ, ಹೌದು ಎಂದೆ. ಬಂದಿರುವುದೂ ಬುದ್ಧನೇ, ಹಾಗಾದರೆ ತೊಂದರೆಯೇನು ಎಂದ. ಮಾನ್ಯರೇ, ನಿಮ್ಮ ಮನೆಯ ಮದುವೆಯಲ್ಲಿ ಮಂಟಪಕ್ಕೆ ಬೇರೆ ಯಾವನೋ ಬಂದು ಕೂತರೆ, ಅವನೂ ಗಂಡಸೇ ಎಂದು ತಾಳಿ ಕಟ್ಟಿಸುತ್ತೀರಾ? ನಿಮ್ಮ ವಾಪಸಾತಿ ಅರ್ಜಿಯಲ್ಲಿ ಒಡೆದಿದೆ, ಬಣ್ಣ ಬೇರೆ, ಅಳತೆ ಸರಿಯಿಲ್ಲ ಎಂಬ ಮೂರೇ ಕಾರಣಗಳಿದ್ದವು. ಆಸಾಮಿಯೇ ಬೇರೆ ಎಂಬುದಕ್ಕೆ ಜಾಗವಿರಲಿಲ್ಲ. ನಂದಿತಾ ಬೇರೆ ದಾರಿ ಕಾಣದೆ ಅಳತೆ ಸರಿಯಿಲ್ಲ ಎಂದು ಗುರುತು ಹಾಕಿದಳು. ವಿಗ್ರಹಗಳಿಗೆ ಅಳತೆ ಬದಲಾವಣೆ ಇಲ್ಲವೆಂದು ಮರುದಿನವೇ ಉತ್ತರ ಬಂತು. ಎಂಥ ಚುರುಕು!

ಕೊನೆಗೆ ಆ ಮಹನೀಯರನ್ನು ಮಡಿಲಲ್ಲಿ ಕೂರಿಸಿಕೊಂಡು ಬಸ್ಸು ಹತ್ತಿ ನಿಮ್ಮ ಇಂದಿರಾನಗರದ ಕಚೇರಿಗೆ ಬಂದೆ. ದಾರಿಯಲ್ಲಿ ಕಂಡಕ್ಟರ್ ಈ ಮಹನೀಯರ ಹೊಟ್ಟೆ ಸವರಿ ಕಣ್ಣಿಗೊತ್ತಿಕೊಂಡ. ನಿಮ್ಮ ಬಾಗಿಲಲ್ಲಿ ಎರಡು ಗಂಟೆ ಕಾಯಿಸಿದ ಮೇಲೆ ಖುದ್ದು ತಾವೇ ದರ್ಶನ ಕೊಟ್ಟಿರಿ. ನೆನಪಿದೆಯೇ?

“ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್. ಇದು ಇನ್ನೂ ಲಕ್ಕಿ, ಮನೆಗೆ ದುಡ್ಡು ಬರುತ್ತೆ” ಎಂದಿರಿ.

“ದುಡ್ಡು ಕೊಡೋ ದೇವ್ರುಗಳು ಬೇಕಾದಷ್ಟಿದ್ರು ಸ್ವಾಮಿ. ಅವ್ರನ್ನೆಲ್ಲ ಬಿಟ್ಟೇ ನಾವು ಇವ್ರ ಹತ್ರ ಬಂದಿದ್ದು” ಎಂದೆ.

ತಾವು ಗಡಿಯಾರ ನೋಡಿಕೊಂಡು, ಮುಂದಿನ ಖರೀದಿಗೆ ಶೇಕಡಾ ಹತ್ತರ ರಿಯಾಯಿತಿ ಚೀಟಿ ಕೊಟ್ಟು ಒಳಗೆ ಹೋದಿರಿ.

ಪೂರ್ಣಿಮೆಯ ಬೆಳಿಗ್ಗೆ ನೆಂಟರು ಬಂದರು. ಪೀಠ ಖಾಲಿ. ಇವತ್ತೊಂದು ದಿನ ಇವರನ್ನೇ ಕೂರಿಸೋಣವೇ ಎಂದು ನಾನೇ ಕೇಳಿದೆ, ನಾಚಿಕೆಗೇಡಿ. ಗೋವಿಂದಮ್ಮ ನನ್ನನ್ನೇ ನೋಡಿದಳು. “ಬ್ಯಾಡ, ಖಾಲಿನೇ ಇರ್ಲಿ. ಅವ್ರು ಕೊಟ್ಟಿದ್ದನ್ನ ಇಸ್ಕೊಂಡು ಸುಮ್ಕಿರೋದು ನಮ್ಮವ್ವನ ಕಾಲಕ್ಕೇ ಸಾಕಾಯ್ತು” ಎಂದಳು. ಖಾಲಿ ಪೀಠದ ಮುಂದೆ ದೀಪ ಹಚ್ಚಿ, ಮಲ್ಲಿಗೆ ಇಟ್ಟು, ‘ಬುದ್ಧಂ ಶರಣಂ ಗಚ್ಛಾಮಿ’ ಎಂದು ಮೂರು ಸುತ್ತು ಹೇಳುವ ತ್ರಿಶರಣ ಶುರು ಮಾಡಿದಳು. ಎರಡನೆಯ ಸುತ್ತಿಗೆ ಅವಳ ದನಿ ಒಡೆಯಿತು. ಉಳಿದದ್ದನ್ನು ನಾವೆಲ್ಲ ಸೇರಿ ಹೇಳಿ ಮುಗಿಸಿದೆವು.

ನಿಮ್ಮ ನಗುವ ಮಹನೀಯರ ಮೇಲೆ ನಮಗೆ ಕೋಪವಿಲ್ಲ. ಅವರನ್ನು ನಂಬುವವರೂ ಇದ್ದಾರೆ. ಅಂಥವರ ಮನೆಗೆ ಹೋಗಬೇಕಾಗಿದ್ದವರು ದಾರಿ ತಪ್ಪಿ ಬಂದಿದ್ದಾರೆ. ಸದ್ಯ ಫ್ರಿಜ್ಜಿನ ಮೇಲೆ ಸುಖವಾಗಿದ್ದಾರೆ. ನನ್ನ ಬೇಡಿಕೆ ಇಷ್ಟೇ: ರಿಯಾಯಿತಿ ಬೇಡ, ನಿಮ್ಮ ವಿಷಾದದ ಇ-ಮೇಲೂ ಬೇಡ. ಮುಂದಿನ ಭಾನುವಾರದೊಳಗೆ ತಾವೇ ನಮ್ಮ ಮನೆಗೆ ಬನ್ನಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ನಾವು ಕೇಳಿದವರನ್ನು ಗೋವಿಂದಮ್ಮನ ಕೈಗೆ ಕೊಡಿ. ಇವರನ್ನು ಕರೆದುಕೊಂಡು ಹೋಗಿ. ಕಾಫಿ ನಾನು ಮಾಡಿಕೊಡುತ್ತೇನೆ.

ಇಂತಿ,
ನಿಮ್ಮ ಕಂಪ್ಯೂಟರಿನ ಪ್ರಕಾರ ‘ತೃಪ್ತ ಗ್ರಾಹಕ’ನಾಗಿರುವ
ಚಿಕ್ಕಮುನಿಯಪ್ಪ
ಕೆ.ಆರ್. ಪುರ, ಮೇ ೨೦೦೭